ಕ್ವಾರಂಟೈನ್‌ನಲ್ಲಿದ್ದವರಿಗೆ ಲಕ್ಷಣವೇ ಇಲ್ಲದೆ ಪಾಸಿಟಿವ್ ಬಂದದ್ದು: ಪರೀಕ್ಷೆ ತಪ್ಪೇ, ಸೋಂಕು ನಿಜವೇ?

ಸಂಪಿಗೆಮರ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇಂದಿಗೂ ಇತ್ಯರ್ಥವಾಗದ ಒಂದು ವಾದವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕೊರೊನಾದ ಮೊದಲ ಅಲೆಯಲ್ಲಿ, ಸೋಂಕಿತರೊಬ್ಬರ ಸಂಪರ್ಕಕ್ಕೆ ಬಂದಿದ್ದನೆಂಬ ಕಾರಣಕ್ಕೆ ನನ್ನ ತಮ್ಮನನ್ನು ಕ್ವಾರಂಟೈನ್ ಕೇಂದ್ರದಲ್ಲಿ ಇರಿಸಿದ್ದರು. ಅಲ್ಲಿದ್ದಷ್ಟು ಕಾಲವೂ ಅವನಿಗೆ ಜ್ವರವಾಗಲಿ, ಕೆಮ್ಮಾಗಲಿ, ಮೈಕೈ ನೋವಾಗಲಿ ಕಾಣಿಸಲಿಲ್ಲ. ಮೊದಲ ಪರೀಕ್ಷೆಯೂ ನೆಗೆಟಿವ್ ಬಂದಿತ್ತು. ಬಿಡುಗಡೆಗೆ ಮುನ್ನ ಮತ್ತೊಮ್ಮೆ ಗಂಟಲು ದ್ರವ ತೆಗೆದಾಗ ಪಾಸಿಟಿವ್ ಬಂತು. ಮನೆಗೆ ಹೊರಡಬೇಕಾಗಿದ್ದವನನ್ನು ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿಯೂ ಅವನಿಗೆ ಏನೂ ಆಗಲಿಲ್ಲ.

ಪರೀಕ್ಷೆಯೇ ತಪ್ಪಾಗಿತ್ತು ಎಂದು ತಮ್ಮ ಈಗಲೂ ಹೇಳುತ್ತಾನೆ. ಸೋಂಕು ನಿಜ, ಆದರೆ ಅದು ತಗುಲಿದ್ದು ಕ್ವಾರಂಟೈನ್ ಕೇಂದ್ರದಲ್ಲಿಯೇ ಎಂಬುದು ನಮ್ಮ ಭಾವನ ವಾದ. ಮೈಯಲ್ಲಿ ಯಾವ ತೊಂದರೆಯೂ ಇಲ್ಲದ ಮನುಷ್ಯನನ್ನು ಸೋಂಕಿತ ಎಂದು ಕರೆಯುವುದು ಎಷ್ಟು ಸರಿ, ಅಂಥವನಿಂದ ಬೇರೆಯವರಿಗೆ ನಿಜವಾಗಿಯೂ ಹರಡುತ್ತದೆಯೇ ಎಂಬುದು ನನ್ನ ಪ್ರಶ್ನೆ. ತಿಳಿದವರು ದಯವಿಟ್ಟು ಹೇಳಬೇಕು.

ಬೆಳ್ಳಿಚುಕ್ಕಿ
ನಮ್ಮ ಕುಟುಂಬದಲ್ಲಿಯೂ ಇದೇ ಆಯಿತು. ಜ್ವರ ಬಂದು ಮಲಗಿದ್ದ ಅಪ್ಪನ ಆರೈಕೆ ಮಾಡಿದ ಅಮ್ಮನಿಗೆ ಪಾಸಿಟಿವ್ ಬಂದಿತ್ತು, ಆದರೆ ಒಂದು ಸೀನು ಕೂಡ ಬಂದಿರಲಿಲ್ಲ. ಉತ್ತರಕ್ಕಾಗಿ ನಾನೂ ಕಾಯುತ್ತಿದ್ದೇನೆ.

ಪ್ರಯೋಗಾಲಯದಿಂದ
ಸಂಪಿಗೆಮರ ಅವರೇ, ಆರ್‌ಟಿ–ಪಿಸಿಆರ್ ಪರೀಕ್ಷೆ ಮಾಡುವ ಕೆಲಸದಲ್ಲಿ ಇದ್ದವನಾಗಿ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಂದದ್ದರಿಂದ ಎರಡರಲ್ಲಿ ಒಂದು ತಪ್ಪಾಗಿರಲೇಬೇಕು ಎಂದು ಬಹಳ ಮಂದಿ ಭಾವಿಸುತ್ತಾರೆ. ಹಾಗೇನೂ ಇಲ್ಲ. ಸೋಂಕು ತಗುಲಿದ ಕೂಡಲೇ ವೈರಸ್ ಗಂಟಲಿನಲ್ಲಿ ಪರೀಕ್ಷೆಗೆ ಸಿಗುವಷ್ಟು ಇರುವುದಿಲ್ಲ. 2020ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯ ಪ್ರಕಾರ, ಸೋಂಕು ತಗುಲಿದ ಮೊದಲ ದಿನ ಪರೀಕ್ಷಿಸಿದರೆ ಸೋಂಕಿತರೆಲ್ಲರಿಗೂ ನೆಗೆಟಿವ್ ಎಂದೇ ಬರುತ್ತದೆ. ನಾಲ್ಕನೆಯ ದಿನಕ್ಕೂ ಶೇ 67ರಷ್ಟು ಮಂದಿ ತಪ್ಪಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಲಕ್ಷಣ ಕಾಣಿಸುವ ಐದನೆಯ ದಿನ ಈ ಪ್ರಮಾಣ ಶೇ 38ಕ್ಕೂ, ಎಂಟನೆಯ ದಿನ ಶೇ 20ಕ್ಕೂ ಇಳಿಯುತ್ತದೆ. ಅಲ್ಲಿಂದ ಮುಂದೆ ಮತ್ತೆ ಏರುತ್ತಾ ಹೋಗುತ್ತದೆ. ಅಂದರೆ ಕ್ವಾರಂಟೈನ್‌ಗೆ ಬಂದ ದಿನವೇ ಮಾಡಿದ ಪರೀಕ್ಷೆಯನ್ನು ನಂಬಿ ಮನೆಗೆ ಕಳುಹಿಸುವುದು, ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ಮೊಳಕೆ ಬಂದಿಲ್ಲ, ಬೀಜವೇ ಸತ್ತಿದೆ ಎಂದು ತೀರ್ಮಾನಿಸಿದಂತೆ.

ಪಾಸಿಟಿವ್ ಎಂಬ ಫಲಿತಾಂಶ ತಪ್ಪಾಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಮಾದರಿಗಳ ಚೀಟಿ ಅದಲುಬದಲಾಗಬಹುದು, ಒಂದು ಮಾದರಿಯ ಅಂಶ ಇನ್ನೊಂದಕ್ಕೆ ಸೇರಬಹುದು. ಆದರೆ ನೆಗೆಟಿವ್ ತಪ್ಪಾಗುವುದಕ್ಕೆ ಹೋಲಿಸಿದರೆ ಇದು ವಿರಳ. ಅದರಲ್ಲಿಯೂ ಸೋಂಕಿತರ ನೇರ ಸಂಪರ್ಕದಲ್ಲಿದ್ದವರಿಗೆ ಪಾಸಿಟಿವ್ ಬಂದರೆ ಅದು ನಿಜವಾಗಿರುವ ಸಾಧ್ಯತೆಯೇ ಹೆಚ್ಚು.

ನೇರನುಡಿ
ಪ್ರಯೋಗಾಲಯದ ಸರ್ ಹೇಳಿದ್ದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪಿಸಿಆರ್ ಗುರುತಿಸುವುದು ವೈರಸ್‌ನ ಆರ್‌ಎನ್‌ಎ (ಅದರ ವಂಶವಾಹಿ ವಸ್ತು) ತುಣುಕನ್ನೇ ಹೊರತು ಜೀವಂತ ವೈರಸ್ಸನ್ನಲ್ಲ. ಸತ್ತ ವೈರಸ್‌ನ ಚೂರುಗಳು ಮೂಗಿನಲ್ಲಿ ವಾರಗಟ್ಟಲೆ ಉಳಿಯುತ್ತವೆ. ಹೀಗಿರುವಾಗ ಕೆಮ್ಮದ, ಸೀನದ, ಜ್ವರವಿಲ್ಲದ ಮನುಷ್ಯನನ್ನು ಈ ಚೂರುಗಳ ಆಧಾರದ ಮೇಲೆ ರೋಗಿಯೆಂದು ಘೋಷಿಸಿ, ವಾರ್ಡಿಗೆ ಸೇರಿಸಿ, ಅವನ ಮನೆಯ ಮುಂದೆ ಫಲಕ ಹಾಕುವುದು ಅನ್ಯಾಯ. ರೋಗವೆಂದರೆ ಮೈಗೆ ಆಗುವ ತೊಂದರೆ. ತೊಂದರೆಯೇ ಇಲ್ಲದ ಮೇಲೆ ರೋಗಿ ಎಲ್ಲಿಂದ ಬಂದ?

ಪ್ರಯೋಗಾಲಯದಿಂದ
ನೇರನುಡಿ ಅವರೇ, ಚೂರುಗಳ ವಿಷಯ ಸತ್ಯ. ಸೌಮ್ಯ ಸೋಂಕಿನವರಲ್ಲಿ ಸುಮಾರು ಹತ್ತು ದಿನಗಳ ನಂತರ ಪ್ರಯೋಗಾಲಯದಲ್ಲಿ ಬೆಳೆಸಬಲ್ಲ ಜೀವಂತ ವೈರಸ್ ಸಿಗುವುದು ಅಪರೂಪ, ಪಿಸಿಆರ್ ಮಾತ್ರ ಪಾಸಿಟಿವ್ ಬರುತ್ತಲೇ ಇರಬಹುದು. ಇದೇ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳ ಕೊನೆಯಲ್ಲಿ ತನ್ನ ಸಲಹೆಯನ್ನು ಬದಲಿಸಿ, ಲಕ್ಷಣವಿಲ್ಲದವರನ್ನು ಪಾಸಿಟಿವ್ ಬಂದ ದಿನದಿಂದ ಹತ್ತು ದಿನಗಳ ನಂತರ, ಮರುಪರೀಕ್ಷೆಯಲ್ಲಿ ನೆಗೆಟಿವ್ ಬರಲೇಬೇಕೆಂಬ ಷರತ್ತಿಲ್ಲದೆ, ಬಿಡುಗಡೆ ಮಾಡಬಹುದು ಎಂದಿತು.

ಆದರೆ ಇಲ್ಲಿನ ಪ್ರಕರಣದಲ್ಲಿ ಮೊದಲು ನೆಗೆಟಿವ್ ಇದ್ದು ಆಮೇಲೆ ಪಾಸಿಟಿವ್ ಆಗಿದೆ. ಹಳೆಯ ಸೋಂಕಿನ ಅವಶೇಷವಾಗಿದ್ದರೆ ಮೊದಲ ಪರೀಕ್ಷೆಯಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚಿತ್ತು. ಇದು ಹೊಸದಾಗಿ ಏರುತ್ತಿದ್ದ ಸೋಂಕಿನ ಗುರುತು ಎಂದೇ ನನ್ನ ಅಭಿಪ್ರಾಯ.

ಅಂಕಿಸಂಖ್ಯೆ
ಈ ವಿಷಯದಲ್ಲಿ ಊಹೆಗೆ ಹೋಗುವ ಅಗತ್ಯವೇ ಇಲ್ಲ, ಏಕೆಂದರೆ ಸಾವಿರಾರು ಮಂದಿಯನ್ನು ಒಟ್ಟಿಗೆ ಕ್ವಾರಂಟೈನ್‌ನಲ್ಲಿ ಇರಿಸಿ ಪರೀಕ್ಷಿಸಿದ ದಾಖಲೆಗಳು ನಮ್ಮ ಮುಂದಿವೆ. ಎಲ್ಲಕ್ಕಿಂತ ಮೊದಲನೆಯದು ಡೈಮಂಡ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಆ ಹಡಗನ್ನು ತಡೆದು ನಿಲ್ಲಿಸಿದಾಗ ಅದರಲ್ಲಿ 3,711 ಮಂದಿ ಇದ್ದರು. ಕೊನೆಗೆ 712 ಮಂದಿಗೆ ಸೋಂಕು ದೃಢಪಟ್ಟಿತು. ಫೆಬ್ರುವರಿ 20ರ ವೇಳೆಗೆ ಪಾಸಿಟಿವ್ ಬಂದಿದ್ದ 634 ಮಂದಿಯಲ್ಲಿ 328 ಮಂದಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಪರೀಕ್ಷೆಯ ಸಮಯದಲ್ಲಿ ಯಾವ ಲಕ್ಷಣವೂ ಇರಲಿಲ್ಲ.

ಈ ಅರ್ಧ ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಬಹಳ ಮಂದಿ ತಪ್ಪು ತೀರ್ಮಾನಕ್ಕೆ ಬಂದರು. ಪರೀಕ್ಷೆಯ ದಿನ ಲಕ್ಷಣವಿಲ್ಲದವರಲ್ಲಿ ಎರಡು ಬಗೆಯವರು ಇರುತ್ತಾರೆ: ಇನ್ನೆರಡು ದಿನಗಳಲ್ಲಿ ಜ್ವರ ಬರಲಿರುವವರು ಮತ್ತು ಕೊನೆಯವರೆಗೂ ಏನೂ ಆಗದವರು. ಆ ದಿನ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ಅದೇ ಹಡಗಿನ ಅಂಕಿಗಳನ್ನು ಗಣಿತದ ಮೂಲಕ ವಿಶ್ಲೇಷಿಸಿದ ಸಂಶೋಧಕರು, ಕೊನೆಯವರೆಗೂ ಲಕ್ಷಣರಹಿತರಾಗಿ ಉಳಿಯುವವರು ಸುಮಾರು ಶೇ 17.9ರಷ್ಟು ಮಾತ್ರ ಎಂದು ಅಂದಾಜಿಸಿದರು. ಅರ್ಧಕ್ಕೂ ಆರರಲ್ಲಿ ಒಂದಕ್ಕೂ ಇರುವ ಅಂತರ ಸಣ್ಣದಲ್ಲ. ಆ ಅಂತರವೆಲ್ಲ ನಾವು ಎಷ್ಟು ದಿನ ಕಾದು ನೋಡಿದೆವು ಎಂಬುದರ ಮೇಲೆ ನಿಂತಿದೆ.

ಹಳೆಯ ಓದುಗ
ಅಂಕಿಸಂಖ್ಯೆ ಅವರೇ, ಶೇ 17.9 ಎಂಬುದನ್ನು ಅಂತಿಮ ಸತ್ಯವೆಂಬಂತೆ ಬರೆದಿದ್ದೀರಿ, ಅದು ಸರಿಯಲ್ಲ. ಹಡಗಿನ ಪ್ರಯಾಣಿಕರಲ್ಲಿ ವಯಸ್ಸಾದವರೇ ಹೆಚ್ಚು, ಅವರಲ್ಲಿ ಲಕ್ಷಣ ಕಾಣಿಸುವುದೂ ಹೆಚ್ಚು. ಅಮೆರಿಕದ ಥಿಯೋಡರ್ ರೂಸ್‌ವೆಲ್ಟ್ ಯುದ್ಧನೌಕೆಯನ್ನು ನೋಡಿ. 2020ರ ವಸಂತದಲ್ಲಿ ಅದರ 4,779 ಸಿಬ್ಬಂದಿಯಲ್ಲಿ 1,271 ಮಂದಿಗೆ ಪಾಸಿಟಿವ್ ಬಂತು. ಅವರೆಲ್ಲ ಹೆಚ್ಚಾಗಿ ಯುವಕರು. ಪರೀಕ್ಷೆಯ ಸಮಯದಲ್ಲಿ ಶೇ 76.9ರಷ್ಟು ಮಂದಿಗೆ ಲಕ್ಷಣವಿರಲಿಲ್ಲ. ನಂತರ ಲಕ್ಷಣ ಕಾಣಿಸಿಕೊಂಡವರನ್ನೂ ಸೇರಿಸಿದರೆ ಒಟ್ಟು ಶೇ 55ರಷ್ಟು ಮಂದಿಗೆ ಮಾತ್ರ ಲಕ್ಷಣ ಬಂದಂತಾಯಿತು. ಉಳಿದ ಶೇ 45ರಷ್ಟು ಮಂದಿ ಕೊನೆಯವರೆಗೂ ಆರೋಗ್ಯವಾಗಿಯೇ ಇದ್ದರು. ಚೀನಾದ ವುಹಾನ್‌ನಿಂದ ಜಪಾನಿಗೆ ಮರಳಿ ಕರೆತಂದ 565 ಮಂದಿಯಲ್ಲಿ ಪಾಸಿಟಿವ್ ಬಂದದ್ದು 13 ಮಂದಿಗೆ, ಅವರಲ್ಲಿ ಲಕ್ಷಣವಿಲ್ಲದವರು ನಾಲ್ವರು. ಗುಂಪು ಬದಲಾದಂತೆ ಸಂಖ್ಯೆ ಬದಲಾಗುತ್ತದೆ.

ಅಂಕಿಸಂಖ್ಯೆ
ತಿದ್ದುಪಡಿಯನ್ನು ಒಪ್ಪುತ್ತೇನೆ. ಒಂದೇ ಸಂಖ್ಯೆಯನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೆ ನೀವು ಕೊಟ್ಟ ಉದಾಹರಣೆಯಲ್ಲಿಯೂ ಪರೀಕ್ಷೆಯ ದಿನದ ಸಂಖ್ಯೆ ಕಾದು ನೋಡಿದ ಮೇಲೆ ಬಹಳ ಇಳಿದಿದೆ ಎಂಬುದನ್ನು ಗಮನಿಸಿ. ನಾನು ಹೇಳಬೇಕೆಂದಿದ್ದುದು ಅಷ್ಟೇ.

ಶುಶ್ರೂಷಕಿ
ಕ್ವಾರಂಟೈನ್‌ನಲ್ಲಿದ್ದವರನ್ನು ದಿನವೂ ವಿಚಾರಿಸುವ ಕೆಲಸ ಮಾಡಿದವಳು ನಾನು. ಈ ಅಂಕಿಗಳ ಹಿಂದೆ ಇರುವ ಒಂದು ಸಂಗತಿಯನ್ನು ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಲಕ್ಷಣ ಇದೆಯೋ ಇಲ್ಲವೋ ಎಂಬುದು ನಾವು ಏನನ್ನು ಕೇಳುತ್ತೇವೆ, ಹೇಗೆ ಕೇಳುತ್ತೇವೆ ಎಂಬುದನ್ನು ಅವಲಂಬಿಸಿದೆ. ಬಾಗಿಲಲ್ಲಿ ನಿಂತು ‘ಜ್ವರ, ಕೆಮ್ಮು ಏನಾದರೂ ಇದೆಯೇ’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಿದ್ದರು. ಸ್ವಲ್ಪ ಹೊತ್ತು ನಿಂತು, ಊಟ ರುಚಿಸಿತೇ, ಸೋಪಿನ ವಾಸನೆ ತಿಳಿಯುತ್ತಿದೆಯೇ, ನಿನ್ನೆ ಎಂದಿಗಿಂತ ಹೆಚ್ಚು ಸುಸ್ತಾಯಿತೇ, ಹೊಟ್ಟೆ ಕೆಟ್ಟಿತೇ ಎಂದು ವಿಚಾರಿಸಿದರೆ ಬೇರೆಯೇ ಉತ್ತರ ಬರುತ್ತಿತ್ತು. ಸಾಂಕ್ರಾಮಿಕದ ಆರಂಭದ ವಾರಗಳಲ್ಲಿ ವಾಸನೆ ತಿಳಿಯದಿರುವುದು ಲಕ್ಷಣಗಳ ಪಟ್ಟಿಯಲ್ಲಿಯೇ ಇರಲಿಲ್ಲ. ಆಗ ಲಕ್ಷಣರಹಿತರೆಂದು ಬರೆದುಕೊಂಡವರಲ್ಲಿ ಎಷ್ಟು ಮಂದಿ ಮೂಗಿಗೆ ಏನೂ ತಿಳಿಯದೆ ಸುಮ್ಮನೆ ಕುಳಿತಿದ್ದರೋ ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಹೇಳದೆ ಮುಚ್ಚಿಟ್ಟವರೂ ಇದ್ದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಗಂಟಲು ಕೆರೆತ ಎಂದರೆ ವಾರ್ಡಿಗೆ ಹೋಗಬೇಕು, ಮನೆಗೆ ಹೋಗುವ ದಿನ ಮುಂದೆ ಹೋಗುತ್ತದೆ, ದುಡಿಮೆ ನಿಲ್ಲುತ್ತದೆ ಎಂದು ತಿಳಿದ ಮೇಲೆ ಯಾರಾದರೂ ಎಷ್ಟು ಧೈರ್ಯವಾಗಿ ಬಾಯಿಬಿಟ್ಟಾರು? ಒಬ್ಬ ಅಜ್ಜಿ ಇಡೀ ರಾತ್ರಿ ಕೆಮ್ಮನ್ನು ಸೆರಗಿನಲ್ಲಿ ಅದುಮಿಟ್ಟುಕೊಂಡಿದ್ದರು. ಪಕ್ಕದ ಹಾಸಿಗೆಯಲ್ಲಿದ್ದ ಮೊಮ್ಮಗಳು ನನಗೆ ಹೇಳಿದಳು. ಕಾಗದದ ಮೇಲೆ ಅವರು ಅಲ್ಲಿಯವರೆಗೆ ಲಕ್ಷಣರಹಿತರೇ ಆಗಿದ್ದರು.

ಬೆಳ್ಳಿಚುಕ್ಕಿ
ಮೇಡಂ, ನಿಮ್ಮ ಮಾತು ಓದಿ ಅಮ್ಮನನ್ನು ಈಗಷ್ಟೇ ಕೇಳಿದೆ. ಆ ದಿನಗಳಲ್ಲಿ ಒಗ್ಗರಣೆಯ ಘಾಟು ತಿಳಿಯುತ್ತಿರಲಿಲ್ಲವಂತೆ, ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲವಂತೆ.

ನೇರನುಡಿ
ಮೇಡಂ ಹೇಳಿದ್ದನ್ನು ಗೌರವದಿಂದ ಒಪ್ಪುತ್ತೇನೆ. ಆದರೆ ನನ್ನ ಮುಖ್ಯ ಆಕ್ಷೇಪ ಹರಡುವಿಕೆಯ ಬಗ್ಗೆ. 2020ರ ಜೂನ್ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರಿಯಾ ವ್ಯಾನ್ ಕೆರ್ಖೋವ್ ಅವರೇ ಪತ್ರಿಕಾಗೋಷ್ಠಿಯಲ್ಲಿ, ಲಕ್ಷಣರಹಿತರಿಂದ ಸೋಂಕು ಹರಡುವುದು ಬಹಳ ಅಪರೂಪ ಎಂಬ ಅರ್ಥದ ಮಾತನ್ನು ಆಡಿದ್ದರು. ಹಾಗಿದ್ದರೆ ಇಷ್ಟೊಂದು ಜನರನ್ನು ಕೂಡಿಹಾಕಿದ್ದು ಯಾವ ಪುರುಷಾರ್ಥಕ್ಕೆ?

ಹಳೆಯ ಓದುಗ
ಮರುದಿನವೇ ಅವರು ಸ್ಪಷ್ಟನೆಯನ್ನೂ ಕೊಟ್ಟರು, ಅದನ್ನೂ ಹೇಳಬೇಕಲ್ಲವೇ? ಕೆಲವೇ ಅಧ್ಯಯನಗಳನ್ನು ಉದ್ದೇಶಿಸಿ ತಾವು ಹಾಗೆ ಹೇಳಿದ್ದಾಗಿಯೂ, ಅದು ಸಂಸ್ಥೆಯ ನಿಲುವಲ್ಲ ಎಂದೂ ತಿಳಿಸಿದರು. ಮೊದಲ ದಿನದ ಮಾತು ಊರೆಲ್ಲ ತಿರುಗಿತು, ಎರಡನೆಯ ದಿನದ ಮಾತು ಯಾರ ಮೊಬೈಲಿಗೂ ಬರಲಿಲ್ಲ.

ಅಂಕಿಸಂಖ್ಯೆ
ಇಲ್ಲಿಯೂ ಆ ಎರಡು ಬಗೆಯವರನ್ನು ಬೇರ್ಪಡಿಸದಿದ್ದರೆ ವಾದ ಮುಗಿಯುವುದಿಲ್ಲ. ಇನ್ನೂ ಲಕ್ಷಣ ಕಾಣಿಸದ, ಆದರೆ ಕಾಣಿಸಲಿರುವವರು ಹರಡುತ್ತಾರೆ ಎಂಬುದರಲ್ಲಿ ಸಂಶಯವಿಲ್ಲ. 2020ರ ಏಪ್ರಿಲ್‌ನಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು, ಒಬ್ಬರಿಂದ ಇನ್ನೊಬ್ಬರಿಗೆ ಆದ ಹರಡುವಿಕೆಯಲ್ಲಿ ಸುಮಾರು ಶೇ 44ರಷ್ಟು ಲಕ್ಷಣ ಕಾಣಿಸುವ ಮೊದಲೇ ಆಗಿರಬಹುದೆಂದು ಅಂದಾಜಿಸಿತು. ಕೊನೆಯವರೆಗೂ ಲಕ್ಷಣವಿಲ್ಲದವರ ವಿಷಯದಲ್ಲಿ ನೇರನುಡಿ ಅವರ ಮಾತಿನಲ್ಲಿ ಹುರುಳಿದೆ: ಅವರಿಂದ ಹರಡುವುದು ಗಣನೀಯವಾಗಿ ಕಡಿಮೆ ಎಂಬುದನ್ನು ಹಲವು ವಿಶ್ಲೇಷಣೆಗಳು ತೋರಿಸಿವೆ. ಮನೆಯೊಳಗಿನ ಹರಡುವಿಕೆಯನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆಯಲ್ಲಿ, ಲಕ್ಷಣವಿದ್ದವರಿಂದ ಮನೆಯವರಿಗೆ ತಗುಲಿದ ಪ್ರಮಾಣ ಶೇ 18 ಇದ್ದರೆ, ಲಕ್ಷಣವಿಲ್ಲದವರಿಂದ ತಗುಲಿದ್ದು ಶೇ 0.7 ಮಾತ್ರ.

ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಕೆಮ್ಮುವವನು ಮನೆಯಲ್ಲಿ ಮಲಗುತ್ತಾನೆ, ಇತರರೂ ಅವನಿಂದ ದೂರ ಸರಿಯುತ್ತಾರೆ. ಲಕ್ಷಣವಿಲ್ಲದವನು ಮದುವೆಗೂ ಹೋಗುತ್ತಾನೆ, ಬಸ್ಸಿನಲ್ಲಿಯೂ ಕೂರುತ್ತಾನೆ. ಜೊತೆಗೆ ಪರೀಕ್ಷೆಯ ದಿನ ಇವನು ಯಾವ ಬಗೆಯವನು ಎಂದು ತಿಳಿಯುವ ಉಪಾಯವೇ ಇಲ್ಲದಿದ್ದುದರಿಂದ ಇಬ್ಬರನ್ನೂ ಒಂದೇ ರೀತಿ ನೋಡಬೇಕಾಯಿತು.

ಮಳೆಬಿಲ್ಲು
ಬಾಗಿಲಲ್ಲಿ ಹಣೆಗೆ ಗುರಿಯಿಟ್ಟು ಜ್ವರ ನೋಡುತ್ತಿದ್ದರಲ್ಲ, ಅದರಿಂದ ಏನಾದರೂ ಪ್ರಯೋಜನವಾಯಿತೇ?

ಪ್ರಯೋಗಾಲಯದಿಂದ
ಲಕ್ಷಣರಹಿತರನ್ನು ಹುಡುಕಲು ಏನೂ ಆಗಲಿಲ್ಲ. ಇದಕ್ಕೆ ಸ್ಪಷ್ಟವಾದ ಸಾಕ್ಷ್ಯವಿದೆ. ಅಮೆರಿಕದ ಮರೀನ್ ಪಡೆಗೆ ಹೊಸದಾಗಿ ಸೇರಿದ ಯುವಕರನ್ನು 2020ರಲ್ಲಿ ಮೊದಲು ಎರಡು ವಾರ ಮನೆಯಲ್ಲಿಯೇ ಇರಲು ಹೇಳಿ, ಆಮೇಲೆ ಮುಚ್ಚಿದ ಕಾಲೇಜು ಆವರಣವೊಂದರಲ್ಲಿ ಇನ್ನೆರಡು ವಾರ ಕಟ್ಟುನಿಟ್ಟಿನ ಕ್ವಾರಂಟೈನ್‌ನಲ್ಲಿ ಇರಿಸಿದ್ದರು. ಮಾಸ್ಕ್, ಅಂತರ, ದಿನವೂ ಜ್ವರ ಮತ್ತು ಲಕ್ಷಣಗಳ ತಪಾಸಣೆ ಎಲ್ಲವೂ ಇತ್ತು. ಅಧ್ಯಯನಕ್ಕೆ ಒಪ್ಪಿದ 1,848 ಮಂದಿಯಲ್ಲಿ ಆವರಣಕ್ಕೆ ಬಂದ ಎರಡು ದಿನಗಳೊಳಗೆ 16 ಮಂದಿಗೆ, ಏಳನೆಯ ಅಥವಾ ಹದಿನಾಲ್ಕನೆಯ ದಿನ ಇನ್ನೂ 35 ಮಂದಿಗೆ ಪಾಸಿಟಿವ್ ಬಂತು. ಈ 51 ಮಂದಿಯಲ್ಲಿ ಲಕ್ಷಣವಿದ್ದವರು ಐವರು. ದಿನನಿತ್ಯದ ಲಕ್ಷಣ ತಪಾಸಣೆಯಿಂದ ಪತ್ತೆಯಾದ ಸೋಂಕು ಒಂದೂ ಇಲ್ಲ. ಎಲ್ಲವೂ ಸಿಕ್ಕಿದ್ದು ನಿಗದಿತ ದಿನ ಮಾಡಿದ ಪಿಸಿಆರ್‌ನಿಂದಲೇ.

ವೈರಸ್‌ನ ವಂಶವಾಹಿಗಳನ್ನು ಹೋಲಿಸಿದಾಗ ಒಂದೇ ಕೊಠಡಿಯಲ್ಲಿ, ಒಂದೇ ತುಕಡಿಯಲ್ಲಿ ಇದ್ದವರ ನಡುವೆ ಹರಡಿರುವುದೂ ತಿಳಿಯಿತು.

ಸಂಪಿಗೆಮರ
ಈ ಕೊನೆಯ ಮಾತು ನಮ್ಮ ಭಾವನ ವಾದವನ್ನೇ ಸಮರ್ಥಿಸುತ್ತದೆಯಲ್ಲವೇ? ತಮ್ಮನಿದ್ದ ಕಡೆ ಒಂದೇ ಕೊಠಡಿಯಲ್ಲಿ ಹಲವರಿದ್ದರು, ಶೌಚಾಲಯ ಎಲ್ಲರಿಗೂ ಒಂದೇ ಆಗಿತ್ತು.

ಆರೋಗ್ಯ ನಿರೀಕ್ಷಕ
ಸಮರ್ಥಿಸುತ್ತದೆ ಎಂದೇ ನಾನೂ ಹೇಳುತ್ತೇನೆ. ಹಲವು ಕಡೆ ಕ್ವಾರಂಟೈನ್ ಹೆಸರಿನಲ್ಲಿ ನಡೆದದ್ದು ಅಪರಿಚಿತರನ್ನು ಒಂದೇ ಹಜಾರದಲ್ಲಿ ಒಟ್ಟು ಸೇರಿಸುವ ಕೆಲಸ. ಸೋಂಕು ತಗುಲಿರಬಹುದಾದವರನ್ನು ಎಲ್ಲರಿಂದ ದೂರವಿರಿಸಿ ಕಾಯುವುದು ಕ್ವಾರಂಟೈನ್. ಸೋಂಕು ದೃಢಪಟ್ಟವರನ್ನು ಬೇರೆ ಇರಿಸುವುದು ಐಸೊಲೇಷನ್. ಮೊದಲನೆಯದರಲ್ಲಿ ಸೋಂಕಿತರೂ ಸೋಂಕಿಲ್ಲದವರೂ ಬೆರೆತಿರುತ್ತಾರೆ. ಆದ್ದರಿಂದ ಅಲ್ಲಿ ಒಬ್ಬೊಬ್ಬರೂ ಮತ್ತೊಬ್ಬರಿಂದ ದೂರವಿರಬೇಕು. ಹಾಗೆ ಮಾಡದೆ ಹತ್ತು ಮಂದಿಯನ್ನು ಒಟ್ಟಿಗೆ ಇರಿಸಿದರೆ, ಅವರಲ್ಲಿ ಲಕ್ಷಣವಿಲ್ಲದ ಸೋಂಕಿತ ಒಬ್ಬನಿದ್ದರೂ ಉಳಿದ ಒಂಬತ್ತು ಮಂದಿಯ ದಿನಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬೇಕು.

ಪ್ರತ್ಯೇಕ ಕೋಣೆ ಕೊಟ್ಟ ಕಡೆಯಲ್ಲಿಯೂ ಪೂರ್ತಿ ತಡೆಯಲಾಗಲಿಲ್ಲ ಎಂಬುದನ್ನು ಗಮನಿಸಬೇಕು. 2021ರಲ್ಲಿ ನ್ಯೂಜಿಲೆಂಡ್‌ನ ಕಟ್ಟುನಿಟ್ಟಾದ ಹೋಟೆಲ್ ಕ್ವಾರಂಟೈನ್‌ನಲ್ಲಿ ಎದುರುಬದುರಿನ ಕೋಣೆಗಳವರ ನಡುವೆ ಡೆಲ್ಟಾ ತಳಿ ಹರಡಿತ್ತು. ಎರಡೂ ಕಡೆಯವರು ಭೇಟಿಯಾಗಿಯೇ ಇರಲಿಲ್ಲ. ಬಾಗಿಲುಗಳು ಕೆಲವೇ ಸೆಕೆಂಡು ಒಟ್ಟಿಗೆ ತೆರೆದಿದ್ದುದು ಕ್ಯಾಮೆರಾ ದಾಖಲೆಯಿಂದ ತಿಳಿಯಿತು. ಇಂಥ ಕಡೆಯೇ ಹೀಗಾದರೆ ಒಂದೇ ಶೌಚಾಲಯ, ಒಂದೇ ಊಟದ ಸಾಲು ಇದ್ದ ಕಡೆ ಏನಾಗಿರಬಹುದೆಂದು ಹೇಳಬೇಕಾಗಿಲ್ಲ.

ಆದರೂ ನಿಮ್ಮ ತಮ್ಮನಿಗೆ ತಗುಲಿದ್ದು ಅಲ್ಲಿಯೇ ಎಂದು ಖಚಿತವಾಗಿ ಹೇಳಲಾಗದು. ಲಕ್ಷಣ ಬರುವವರಲ್ಲಿ ಅದು ಕಾಣಿಸಲು ಆಗಿನ ತಳಿಗೆ ಸರಾಸರಿ ಐದು ದಿನ ಹಿಡಿಯುತ್ತಿತ್ತು, ಶೇ 97.5ರಷ್ಟು ಮಂದಿಗೆ ಹನ್ನೊಂದೂವರೆ ದಿನಗಳೊಳಗೆ ಕಾಣಿಸುತ್ತಿತ್ತು. ಹದಿನಾಲ್ಕು ದಿನಗಳ ನಿಯಮದ ಹಿಂದಿದ್ದ ಲೆಕ್ಕ ಇದೇ. ಲಕ್ಷಣವೇ ಬಾರದವರಲ್ಲಿ ತಗುಲಿದ ದಿನವನ್ನು ಹಿಂದಕ್ಕೆ ಎಣಿಸಲು ಯಾವ ಗುರುತೂ ಉಳಿಯುವುದಿಲ್ಲ.

ಮಳೆಬಿಲ್ಲು
ಹಾಗಾದರೆ ಹದಿನಾಲ್ಕನ್ನು ಏಳಕ್ಕೆ ಇಳಿಸಿದ್ದು ತಪ್ಪೇ?

ಪ್ರಯೋಗಾಲಯದಿಂದ
ತಪ್ಪಲ್ಲ, ಆದರೆ ಪರೀಕ್ಷೆಯೂ ಜೊತೆಗಿರಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2020ರ ಡಿಸೆಂಬರ್‌ನಲ್ಲಿ, ಲಕ್ಷಣವಿಲ್ಲದವರು ಪರೀಕ್ಷೆಯಿಲ್ಲದೆ ಹತ್ತು ದಿನಗಳ ನಂತರ, ನೆಗೆಟಿವ್ ಬಂದರೆ ಏಳು ದಿನಗಳ ನಂತರ ಕ್ವಾರಂಟೈನ್ ಮುಗಿಸಬಹುದೆಂದು ಹೇಳಿತು. ಯಾವ ದಿನ ಪರೀಕ್ಷಿಸಬೇಕು ಎಂಬುದೇ ಇಲ್ಲಿ ಮುಖ್ಯ. ಸಮುದ್ರದ ನಡುವಿನ ತೈಲ ಬಾವಿಗಳಿಗೆ ಹೋಗುವ ನೌಕರರ 4,040 ಪರೀಕ್ಷೆಗಳನ್ನು ಆಧರಿಸಿದ ಅಧ್ಯಯನವೊಂದರಲ್ಲಿ, ಕ್ವಾರಂಟೈನ್‌ಗೆ ಬಂದಾಗ ಮತ್ತು ಹೊರಡುವಾಗ ಮಾಡಿದ ಪರೀಕ್ಷೆಗಳಿಂದ 47 ಪಾಸಿಟಿವ್ ಸಿಕ್ಕವು; ಅವರಲ್ಲಿ 16 ಮಂದಿ ಬಂದಾಗ ನೆಗೆಟಿವ್ ಆಗಿದ್ದವರು. ಬಂದಾಗ ಮಾತ್ರ ಪರೀಕ್ಷಿಸಿದ್ದರೆ ಆ 16 ಮಂದಿಯೂ ಎಲ್ಲರೂ ಒಟ್ಟಿಗೆ ಉಣ್ಣುವ, ಮಲಗುವ ಜಾಗಕ್ಕೆ ಹೋಗಿರುತ್ತಿದ್ದರು. ಬರುವಾಗಿನ ಪರೀಕ್ಷೆಯಿಂದ ಹದಿನಾಲ್ಕು ದಿನಗಳಲ್ಲಿ ಹೆಚ್ಚೆಂದರೆ ಒಂದು ದಿನ ಕಡಿಮೆಯಾಗುತ್ತದೆ, ಹೊರಡುವಾಗಿನ ಪರೀಕ್ಷೆಯಿಂದ ಅವಧಿಯನ್ನು ಅರ್ಧಕ್ಕೆ ಇಳಿಸಬಹುದು ಎಂಬುದು ಅದರ ಲೆಕ್ಕಾಚಾರ. ಎಷ್ಟೋ ಕಡೆ ನಡೆದದ್ದು ಇದರ ವಿರುದ್ಧವಾಗಿ: ಬಂದ ದಿನ ಎಲ್ಲರ ಗಂಟಲು ದ್ರವ ತೆಗೆದರು, ಹೊರಡುವ ದಿನ ಲಕ್ಷಣವಿದ್ದವರದ್ದನ್ನು ಮಾತ್ರ ತೆಗೆದರು. ಇದು ನನಗೆ ಈಗಲೂ ಬೇಸರ ತರುವ ವಿಷಯ.

ಬೆಳ್ಳಿಚುಕ್ಕಿ
ಒಂದೇ ವೈರಸ್, ಒಂದೇ ಮನೆ. ಅಪ್ಪ ಹಾಸಿಗೆ ಹಿಡಿದರು, ಅಮ್ಮನಿಗೆ ವಾಸನೆ ಹೋದದ್ದು ಬಿಟ್ಟರೆ ಏನೂ ಆಗಲಿಲ್ಲ. ಏಕೆ ಹೀಗೆ?

ಹಳೆಯ ಓದುಗ
ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ, ಆದರೆ ಒಂದೆರಡು ಎಳೆಗಳು ಸಿಕ್ಕಿವೆ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು, ಅಸ್ಥಿಮಜ್ಜೆ ದಾನಿಗಳಾಗಿ ಹೆಸರು ನೋಂದಾಯಿಸಿದ್ದವರ ವಂಶವಾಹಿ ಮಾಹಿತಿಯನ್ನು ಬಳಸಿಕೊಂಡಿತು. ಲಸಿಕೆ ಪಡೆಯುವ ಮೊದಲೇ ಪಾಸಿಟಿವ್ ಬಂದ 1,428 ಮಂದಿಯಲ್ಲಿ 136 ಮಂದಿಗೆ ಲಕ್ಷಣವೇ ಇರಲಿಲ್ಲ. ಅಂಥವರಲ್ಲಿ ಸುಮಾರು ಶೇ 20ರಷ್ಟು ಮಂದಿಗೆ ಎಚ್‌ಎಲ್‌ಎ–ಬಿ*15:01 ಎಂಬ ವಂಶವಾಹಿ ರೂಪವಿತ್ತು, ಲಕ್ಷಣವಿದ್ದವರಲ್ಲಿ ಅದು ಸುಮಾರು ಶೇ 9 ಮಾತ್ರ. ಹಿಂದೆ ಬಂದುಹೋದ ಸಾಮಾನ್ಯ ನೆಗಡಿಯ ಕೊರೊನಾ ವೈರಸ್‌ಗಳನ್ನು ಎದುರಿಸಿದ್ದ ಟಿ–ಕೋಶಗಳು (ರೋಗದ ವಿರುದ್ಧ ಹೋರಾಡುವ ರಕ್ತಕಣಗಳು) ಇಂಥವರಲ್ಲಿ ಹೊಸ ವೈರಸ್ಸನ್ನೂ ಬೇಗ ಗುರುತಿಸಿ ಹತ್ತಿಕ್ಕುತ್ತವೆ ಎಂಬುದು ಆ ಸಂಶೋಧಕರು ಕೊಟ್ಟ ವಿವರಣೆ. ಅಂದರೆ ಅಂಥವರಿಗೆ ಸೋಂಕು ತಗುಲುವುದೇ ಇಲ್ಲ ಎಂದಲ್ಲ, ದೇಹ ಅದನ್ನು ಬೇಗ ಮುಗಿಸಿಬಿಡುತ್ತದೆ.

ಶುಶ್ರೂಷಕಿ
ಲಕ್ಷಣವಿಲ್ಲ ಎಂದರೆ ಒಳಗೆ ಏನೂ ಆಗಿಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಡೈಮಂಡ್ ಪ್ರಿನ್ಸೆಸ್‌ನ ಲಕ್ಷಣರಹಿತ ಸೋಂಕಿತರಲ್ಲಿ 82 ಮಂದಿಯ ಎದೆಯ ಸಿ.ಟಿ. ಸ್ಕ್ಯಾನ್ ನೋಡಿದಾಗ 44 ಮಂದಿಯ ಶ್ವಾಸಕೋಶದಲ್ಲಿ ಮಬ್ಬು ಕಲೆಗಳು ಕಂಡಿದ್ದವು. ಬಹುತೇಕ ಸೌಮ್ಯವಾದವು, ನಿಜ. ಆದರೂ ‘ನನಗೇನೂ ಆಗಿಲ್ಲ’ ಎಂದು ಹಟ ಹಿಡಿಯುವವರ ಬೆರಳಿಗೆ, ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವುದನ್ನು ನಾನು ಎಂದೂ ಬಿಡಲಿಲ್ಲ.

ನೇರನುಡಿ
ಸ್ವಯಂಸೇವಕರಿಗೆ ಬೇಕೆಂದೇ ಸೋಂಕು ಕೊಟ್ಟು ನೋಡಿದ ಬ್ರಿಟನ್‌ನ ಪ್ರಯೋಗದ ಬಗ್ಗೆ ಓದಿದೆ. 2021ರಲ್ಲಿ ನಡೆದದ್ದು, 36 ಯುವಜನರನ್ನು ಕನಿಷ್ಠ ಎರಡು ವಾರ ಪ್ರತ್ಯೇಕವಾಗಿ ಇರಿಸಿದ್ದರು, 18 ಮಂದಿಗೆ ಸೋಂಕು ತಗುಲಿತು. ಅವರಲ್ಲಿ 16 ಮಂದಿಗೆ ಲಕ್ಷಣ ಕಾಣಿಸಿತಂತೆ. ಲಕ್ಷಣಗಳ ತೀವ್ರತೆಗೂ ಮೂಗು–ಗಂಟಲಿನಲ್ಲಿದ್ದ ವೈರಸ್ ಪ್ರಮಾಣಕ್ಕೂ ಸಂಬಂಧವೇ ಕಾಣಲಿಲ್ಲವಂತೆ. ಆ ಕೋಣೆಗಳ ಗಾಳಿಯನ್ನು ಅಳೆದ ಮುಂದಿನ ಅಧ್ಯಯನದಲ್ಲಿ, ಗಾಳಿಗೆ ಸೇರಿದ ವೈರಸ್‌ನಲ್ಲಿ ಶೇ 86ರಷ್ಟು ಇಬ್ಬರಿಂದಲೇ ಬಂದಿತ್ತು, ಮೊದಲ ಲಕ್ಷಣಕ್ಕೆ ಮುನ್ನ ಹೊರಬಿದ್ದದ್ದು ಶೇ 10ಕ್ಕಿಂತ ಕಡಿಮೆ.

ಇದು ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಸೌಮ್ಯವಾಗಿ ಕಾಣುವವನ ಗಂಟಲಲ್ಲಿಯೂ ಬೇಕಾದಷ್ಟು ವೈರಸ್ ಇರಬಹುದು. ಆದರೆ ದಿನಕ್ಕೆ ಹಲವು ಬಾರಿ ತಮ್ಮ ಮೈಯನ್ನು ತಾವೇ ಗಮನಿಸಿ ಬರೆದಿಡುವವರಲ್ಲಿ, ಲಕ್ಷಣಕ್ಕೆ ಮೊದಲು ಹರಡುವುದು ನಾವು ಅಂದುಕೊಂಡಷ್ಟು ಇಲ್ಲ. ಜನರಿಗೆ ತಮ್ಮ ಮೈಯನ್ನು ಗಮನಿಸಲು ಕಲಿಸಿ, ಸಣ್ಣ ಗಂಟಲು ಕೆರೆತಕ್ಕೂ ಪರೀಕ್ಷೆ ಕೊಟ್ಟಿದ್ದರೆ ಬಲವಂತದ ಎಷ್ಟೋ ಕ್ವಾರಂಟೈನ್ ಬೇಕಾಗುತ್ತಿರಲಿಲ್ಲ.

ಆರೋಗ್ಯ ನಿರೀಕ್ಷಕ
ಅದಕ್ಕೆ ಪರೀಕ್ಷೆ ಕೈಗೆ ಸಿಗಬೇಕು, ಫಲಿತಾಂಶ ಅಂದೇ ಬರಬೇಕು, ಪಾಸಿಟಿವ್ ಬಂದವನ ಕೂಲಿ ನಿಲ್ಲಬಾರದು. ಈ ಮೂರೂ ಇಲ್ಲದ ಕಡೆ ಗಮನಿಸಲು ಕಲಿಸಿ ಫಲವೇನು?

ಮಳೆಬಿಲ್ಲು
ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. ಈ ಚರ್ಚೆ ಓದುವಾಗ ಮೇರಿ ಮಲನ್ ನೆನಪಾದಳು. ನ್ಯೂಯಾರ್ಕ್‌ನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಆಕೆಗೆ ಟೈಫಾಯ್ಡ್‌ನ ಲಕ್ಷಣವೇ ಇರಲಿಲ್ಲ, ಆದರೆ ಆಕೆ ಅಡುಗೆ ಮಾಡಿದ ಮನೆಗಳಲ್ಲಿ ಜ್ವರ ಹರಡುತ್ತಿತ್ತು. 1907ರಲ್ಲಿ ಹಿಡಿದು ಪ್ರತ್ಯೇಕವಾಗಿ ಇರಿಸಿದರು, ಅಡುಗೆ ಮಾಡುವುದಿಲ್ಲವೆಂಬ ಮಾತು ಪಡೆದು 1910ರಲ್ಲಿ ಬಿಟ್ಟರು. 1915ರಲ್ಲಿ ಮತ್ತೆ ಅಡುಗೆ ಕೆಲಸದಲ್ಲಿ ಸಿಕ್ಕಿದಾಗ ಕರೆದೊಯ್ದವರು 1938ರಲ್ಲಿ ಆಕೆ ಸಾಯುವವರೆಗೂ ಬಿಡಲಿಲ್ಲ. ತನಗೆ ಕಾಯಿಲೆಯೇ ಇಲ್ಲವೆಂದು ಆಕೆ ಕೊನೆಯವರೆಗೂ ನಂಬಿದ್ದಳು.

ಹಳೆಯ ಓದುಗ
ಹೋಲಿಕೆ ಪೂರ್ತಿ ಸರಿಯಲ್ಲ. ಆಕೆ ದೀರ್ಘಕಾಲದ ವಾಹಕಿ, ಬ್ಯಾಕ್ಟೀರಿಯಾ ವರ್ಷಗಟ್ಟಲೆ ದೇಹದಲ್ಲಿಯೇ ಇತ್ತು. ಸಾಮಾನ್ಯ ರೋಗನಿರೋಧಕ ಶಕ್ತಿಯಿರುವವರಲ್ಲಿ ಕೊರೊನಾ ಹಾಗೆ ಉಳಿಯುವುದಿಲ್ಲ. ಲಕ್ಷಣವಿರಲಿ ಇಲ್ಲದಿರಲಿ, ದೇಹವೇ ಅದನ್ನು ತೊಡೆದುಹಾಕುತ್ತದೆ. ಈ ವ್ಯತ್ಯಾಸ ತಿಳಿಯದವರು, ಕ್ವಾರಂಟೈನ್ ಮುಗಿಸಿ ಬಂದವರನ್ನು ತಿಂಗಳುಗಟ್ಟಲೆ ದೂರವಿಟ್ಟರು.

ಶುಶ್ರೂಷಕಿ
ಹೌದು, ಅವರ ಮೇಲೆ ಬಿದ್ದ ಕಳಂಕದ ಭಾರ ಸಣ್ಣದಲ್ಲ. ಕೆಮ್ಮಿ ನರಳಿದವರನ್ನು ಕಂಡರೆ ಜನರಿಗೆ ಕನಿಕರವಾದರೂ ಬರುತ್ತಿತ್ತು. ಏನೂ ಆಗದವರನ್ನು ಮಾತ್ರ ‘ತಾನು ಚೆನ್ನಾಗಿದ್ದು ಬೇರೆಯವರಿಗೆ ಹಂಚಿದ’ ಎಂದು ದೂರುತ್ತಿದ್ದರು. ತನಗೇ ತಿಳಿಯದ ಸಂಗತಿಗೆ ಯಾರನ್ನಾದರೂ ಹೊಣೆ ಮಾಡುವುದು ಹೇಗೆ? ಮುಂದೆ ಇಂಥ ಕೇಂದ್ರಗಳನ್ನು ನಡೆಸುವವರು ಇಲ್ಲಿ ಯಾರಾದರೂ ಇದ್ದರೆ ಒಂದು ಕೋರಿಕೆ. ಬಂದವರಿಗೆ ಮೊದಲ ದಿನವೇ ಸಾವಧಾನವಾಗಿ ತಿಳಿಸಿ: ಈಗ ನೆಗೆಟಿವ್ ಬಂದರೂ ಮುಂದೆ ಪಾಸಿಟಿವ್ ಬರಬಹುದು, ಹಾಗೆ ಬಂದರೆ ಅದು ನಿಮ್ಮ ತಪ್ಪಲ್ಲ, ಮುಂದೆ ಇಷ್ಟು ದಿನ ಇಂಥ ಕಡೆ ಇರುತ್ತೀರಿ, ಮನೆಗೆ ಸುದ್ದಿ ಮುಟ್ಟಿಸುವುದು ನಮ್ಮ ಹೊಣೆ. ಇಷ್ಟು ಹೇಳಿದ ಕಡೆ ಜನ ಲಕ್ಷಣವನ್ನು ಮುಚ್ಚಿಡುವುದು ಕಡಿಮೆಯಾದದ್ದನ್ನು ನಾನೇ ಕಂಡಿದ್ದೇನೆ.

ಬೆಳ್ಳಿಚುಕ್ಕಿ
ಕೊನೆಯದಾಗಿ ಒಂದು ಪ್ರಶ್ನೆ. ಆಗ ಲಕ್ಷಣವಿಲ್ಲದೆ ಸೋಂಕು ಬಂದುಹೋಗಿತ್ತೇ ಎಂದು ಈಗ ರಕ್ತ ಪರೀಕ್ಷೆಯಿಂದ ತಿಳಿಯಬಹುದೇ?

ಪ್ರಯೋಗಾಲಯದಿಂದ
ಈಗ ಕಷ್ಟ. ಚೀನಾದ ಚಾಂಗ್‌ಚಿಂಗ್‌ನ ವಾನ್‌ಝೌ ಜಿಲ್ಲೆಯಲ್ಲಿ ಪ್ರತ್ಯೇಕವಾಗಿ ಇರಿಸಿದ್ದ 37 ಲಕ್ಷಣರಹಿತ ಸೋಂಕಿತರನ್ನು ಗಮನಿಸಿದಾಗ, ಲಕ್ಷಣವಿದ್ದವರಿಗಿಂತ ಅವರಲ್ಲಿ ಪ್ರತಿಕಾಯಗಳ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನ್‌ಗಳ) ಮಟ್ಟ ಕಡಿಮೆಯಿತ್ತು, ಎರಡು ಮೂರು ತಿಂಗಳಲ್ಲಿಯೇ ಇನ್ನಷ್ಟು ಇಳಿದಿತ್ತು. ಆಮೇಲೆ ಲಸಿಕೆ ಬಂತು, ಬೇರೆ ತಳಿಗಳೂ ಬಂದುಹೋದವು. ವೈರಸ್‌ನ ಹೊರಮೈಯ ಸ್ಪೈಕ್ ಪ್ರೋಟೀನ್ ವಿರುದ್ಧದ ಪ್ರತಿಕಾಯ ಲಸಿಕೆಯಿಂದಲೂ ಬರುತ್ತದೆ. ವೈರಸ್‌ನ ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನ್ ವಿರುದ್ಧದ ಪ್ರತಿಕಾಯ ಸಿಕ್ಕರೆ ಸೋಂಕು ಆಗಿತ್ತೆಂದು ಹೇಳಬಹುದು, ಅದೂ ಇಡೀ ವೈರಸ್‌ನಿಂದ ತಯಾರಿಸಿದ ಲಸಿಕೆ ಪಡೆಯದವರಲ್ಲಿ ಮಾತ್ರ. ಅಷ್ಟಾದರೂ ಅದು ಯಾವ ವರ್ಷದ ಸೋಂಕು ಎಂದು ಆ ಪರೀಕ್ಷೆ ಹೇಳುವುದಿಲ್ಲ. ಅಮ್ಮನವರ ಅಂದಿನ ಪಿಸಿಆರ್ ವರದಿ ನಿಮ್ಮ ಬಳಿ ಇದ್ದರೆ ಅದಕ್ಕಿಂತ ಉತ್ತಮವಾದ ಸಾಕ್ಷ್ಯ ಈಗ ಸಿಗಲಾರದು.